ಬಳ್ಳಾರಿ ಮನೆಯಲ್ಲಿ ಹೋಮ್ ಥಿಯೇಟರ್: ಕೆಳಗಿನ ಒಳಕೋಣೆಯೋ, ಮಾಳಿಗೆಯ ದೊಡ್ಡ ಕೋಣೆಯೋ?

ಕೌಲ್‌ಬಜಾರ್ ಹುಡುಗ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಮನೆ ರಿಪೇರಿ ನಡೆದಿದೆ, ವೈರಿಂಗ್ ಪೂರ್ತಿ ಹೊಸದು. ಗೋಡೆ ಒಡೆದಿರುವಾಗಲೇ ಒಂದು ಕೋಣೆಯನ್ನು ಸಿನಿಮಾಕ್ಕೆಂದೇ ಬಿಟ್ಟುಬಿಡೋಣ ಅಂತ ಲೆಕ್ಕ. ಎರಡು ಕೋಣೆ ಕೈಯಲ್ಲಿವೆ.

ಮೊದಲನೆಯದು ಕೆಳಗಿನ ಒಳಕೋಣೆ. 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಮೂರು ಕಡೆ 9 ಇಂಚಿನ ಇಟ್ಟಿಗೆ ಗೋಡೆ. ಎಡಗಡೆಯದು ಮಾತ್ರ ನಾಲ್ಕೂವರೆ ಇಂಚು, ಅದರಾಚೆ ಅಪ್ಪ-ಅಮ್ಮ ಮಲಗುವ ಕೋಣೆ. ಸಂದಿಗೆ ತೆರೆಯುವ ಒಂದು ಕಿಟಕಿ. ಬಾಗಿಲು ಬಲಗೋಡೆಯಲ್ಲಿ, ಹಿಂದಿನ ಮೂಲೆಗೆ ಹತ್ತಿಕೊಂಡಿದೆ, ಒಳಕ್ಕೆ ತೆರೆಯುತ್ತದೆ. ನೆಲಕ್ಕೆ ಶಹಾಬಾದ್ ಫರಸಿ.

ಎರಡನೆಯದು ಮಾಳಿಗೆಯ ಮೇಲೆ, 18 ಅಡಿ × 12 ಅಡಿ, ಎತ್ತರ ಒಂಬತ್ತೂವರೆ. ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬ್, ಪಡುವಣ ಗೋಡೆಗೆ ಮಧ್ಯಾಹ್ನದಿಂದ ಸಂಜೆವರೆಗೂ ಬಿಸಿಲು. ಎರಡು ದೊಡ್ಡ ಕಿಟಕಿ, ಟೈಲ್ಸ್ ನೆಲ. ಪಕ್ಕದಲ್ಲಿ ಯಾರೂ ಮಲಗುವುದಿಲ್ಲ.

ಸದ್ಯಕ್ಕೆ 5.1, ಅಂದರೆ ಐದು ಸ್ಪೀಕರ್ ಜೊತೆಗೆ ಬಾಸ್‌ಗೆಂದೇ ಒಂದು ಸಬ್‌ವೂಫರ್. ಮುಂದೆ ಚಾವಣಿಗೆ ಎರಡು ಆಟ್ಮಾಸ್ ಸ್ಪೀಕರ್ ಸೇರಿಸುವ ಆಸೆ. 75 ಇಂಚಿನ ಟಿವಿಯೋ, 100 ಇಂಚಿನ ಪ್ರೊಜೆಕ್ಟರೋ ಇನ್ನೂ ತೀರ್ಮಾನಿಸಿಲ್ಲ. ನೋಡುವವರು ಮೂವರಿಂದ ಐವರು. ಇಂಟೀರಿಯರ್‌ನವರು ನಾಲ್ಕೂ ಗೋಡೆಗೆ ಫೋಮ್ ಹಚ್ಚಿ, ಪಿಒಪಿ ಸೀಲಿಂಗ್ ಹಾಕಿದರೆ ಸೌಂಡ್‌ಪ್ರೂಫ್ ಆಗುತ್ತದೆ ಅನ್ನುತ್ತಾರೆ. ನಂಬಬಹುದಾ? ಯಾವ ಕೋಣೆ ಹಿಡಿಯಲಿ?

ನಾದಲೋಲ ರಾಯಚೂರು:

ಕೆಳಗಿನದನ್ನೇ ಹಿಡಿಯಿರಿ. ಫೋಮ್ ಮಾತು ಆಮೇಲೆ ಹೇಳುತ್ತೇನೆ, ಸದ್ಯಕ್ಕೆ ಆ ಕೊಟೇಶನ್‌ಗೆ ಹೂಂ ಅನ್ನಬೇಡಿ.

ಮೊದಲ ಕಾರಣ ಕಾವು. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಸ್ಲ್ಯಾಬ್ ಹಗಲೆಲ್ಲ ಹೀರಿಕೊಂಡ ಕಾವನ್ನು ಕೆಳಕ್ಕೆ ಬಿಡುವುದು ಕೆಲವು ಗಂಟೆ ತಡವಾಗಿ, ಅಂದರೆ ಸರಿಯಾಗಿ ನೀವು ಸಿನಿಮಾ ಹಚ್ಚುವ ಹೊತ್ತಿಗೆ. ಪ್ರೊಜೆಕ್ಟರ್ ಮ್ಯಾನುಯಲ್ ತೆಗೆದು ನೋಡಿ, ಬಳಕೆಯ ಉಷ್ಣತೆಯ ಮೇಲ್ಮಿತಿ ಸಾಮಾನ್ಯವಾಗಿ 35ರಿಂದ 40 ಡಿಗ್ರಿ ಇರುತ್ತದೆ. ಚಾವಣಿಗೆ ತೂಗಿದ ಯಂತ್ರ ಇರುವುದೇ ಕೋಣೆಯ ಅತಿ ಬಿಸಿ ಜಾಗದಲ್ಲಿ. ಎಸಿ ಹಚ್ಚಿದ ಕೂಡಲೇ ಗಾಳಿ ತಣ್ಣಗಾದರೂ ಸ್ಲ್ಯಾಬ್ ತಣ್ಣಗಾಗಲು ಹೊತ್ತು ಬೇಕು, ಅಲ್ಲಿಯವರೆಗೆ ಯಂತ್ರದ ಫ್ಯಾನ್ ಕೂಗುತ್ತಲೇ ಇರುತ್ತದೆ.

ಎಸಿ ಲೆಕ್ಕ ಹೀಗೆ ಹಾಕಿ. 1 ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್ ಕಾವು ಹೊರಹಾಕುವ ಶಕ್ತಿ. ಕುಳಿತ ಒಬ್ಬ ಮನುಷ್ಯನಿಂದ ಹತ್ತಿರಹತ್ತಿರ 100 ವ್ಯಾಟ್, ಐವರಿಗೆ 500. ಎವಿಆರ್ (ಎಲ್ಲ ಸ್ಪೀಕರ್‌ಗೂ ಸದ್ದು ಹಂಚುವ ಆಂಪ್ಲಿಫೈಯರ್), ಸಬ್‌ವೂಫರ್, ಟಿವಿ ಸೇರಿ ಇನ್ನೊಂದು 500. ಕೋಣೆಯ ಕಾವು ಬಿಟ್ಟು ಇಷ್ಟಕ್ಕೇ ಕಾಲು ಟನ್‌ಗಿಂತ ಹೆಚ್ಚು ಹೋಯಿತು. ಕೆಳಗಿನ ಕೋಣೆಗೆ ಒಂದೂವರೆ ಟನ್ ಇನ್ವರ್ಟರ್ ಎಸಿ ನಿಧಾನವಾಗಿ, ಸದ್ದಿಲ್ಲದೆ ಓಡುತ್ತದೆ. ಮೇಲಿನದಕ್ಕೆ 2 ಟನ್ ಹಾಕಿದರೂ ಮೇ ತಿಂಗಳಲ್ಲಿ ಫ್ಯಾನ್ ಜೋರಾಗಿಯೇ ಇರಬೇಕಾಗುತ್ತದೆ. ಪಿಸುಮಾತಿನ ದೃಶ್ಯಗಳು ಆ ಸದ್ದಿನಲ್ಲಿ ಮುಳುಗುತ್ತವೆ. ಎಸಿಯ ಹೊರಘಟಕವನ್ನು ಇದೇ ಕೋಣೆಯ ಗೋಡೆಗೆ ಬ್ರಾಕೆಟ್ ಹೊಡೆದು ಕೂರಿಸಬೇಡಿ, ಗುಂಯ್‌ ಅನ್ನುವ ನಡುಕ ಒಳಗೆ ಬರುತ್ತದೆ.

ಎರಡನೆಯದು ಅಳತೆ. ಎದುರುಬದುರು ಗೋಡೆಗಳ ನಡುವೆ ಬಾಸ್, ಅಂದರೆ ತಗ್ಗು ಸ್ವರದ ಅಲೆ ನಿಂತುಬಿಡುತ್ತದೆ. ಯಾವ ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಎಷ್ಟು ಕಂಪನದಲ್ಲಿ) ನಿಲ್ಲುತ್ತದೆ ಅಂತ ತಿಳಿಯಲು 565ನ್ನು ಅಡಿಯ ಅಳತೆಯಿಂದ ಭಾಗಿಸಿ. ನಿಮ್ಮ ಕೆಳಕೋಣೆಗೆ: ಉದ್ದಕ್ಕೆ 40, ಅಗಲಕ್ಕೆ 51, ಎತ್ತರಕ್ಕೆ 56 ಹರ್ಟ್ಸ್. ಮೂರೂ ಬೇರೆಬೇರೆ ಇವೆ, ಕೊನೆಯ ಎರಡು ಸ್ವಲ್ಪ ಹತ್ತಿರ, ಆದರೂ ನಡೆಯುತ್ತದೆ. 12×12 ಕೋಣೆಯಾಗಿದ್ದರೆ ಎರಡೂ 47ಕ್ಕೇ ಬಂದು ಕುಳಿತು, ಆ ಒಂದು ಸ್ವರಕ್ಕೆ ಇಡೀ ಕೋಣೆ ಗುಂಗುಟ್ಟುತ್ತಿತ್ತು. ಅಮೆರಿಕದ ಯೂಟ್ಯೂಬ್ ವಿಡಿಯೊ ನೋಡಿ ಲೆಕ್ಕ ಹಾಕುವವರು ಇಲ್ಲಿ ಎಡವುತ್ತಾರೆ. ಅವರ ಗೋಡೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ, ಅದು ಬಾಸನ್ನು ಸ್ವಲ್ಪ ನುಂಗುತ್ತದೆ, ಸ್ವಲ್ಪ ಆಚೆ ಬಿಡುತ್ತದೆ. ನಮ್ಮ ಇಟ್ಟಿಗೆ, ಫರಸಿ, ಸ್ಲ್ಯಾಬ್ ಯಾವುದನ್ನೂ ಬಿಡುವುದಿಲ್ಲ. ನಮ್ಮಲ್ಲಿ ಬಾಸ್ ಕಡಿಮೆಯಾಯಿತು ಅನ್ನುವ ಕೊರಗು ಅಪರೂಪ, ಬಾಸ್ ಅಡ್ಡಾದಿಡ್ಡಿ ಆಯಿತು ಅನ್ನುವುದೇ ಕಾಯಂ.

ಇನ್ನು ಕೂರುವ ಜಾಗ. ಸೋಫಾವನ್ನು ಹಿಂದಿನ ಗೋಡೆಗೆ ಒತ್ತಬೇಡಿ, ನಟ್ಟನಡುವೆಯೂ ಬೇಡ. ಗೋಡೆಯ ಬಳಿ ಬಾಸ್ ಉಬ್ಬುತ್ತದೆ, 7 ಅಡಿಯ ನಡುಗೆರೆಯಲ್ಲಿ 40 ಹರ್ಟ್ಸ್ ಮಾಯವಾಗುತ್ತದೆ. ಹಿಂದಿನ ಗೋಡೆಯಿಂದ ಉದ್ದದ 38 ಶೇಕಡ, ಅಂದರೆ 5 ಅಡಿ 4 ಇಂಚು ಬಿಟ್ಟು ಕಿವಿ ಬರುವಂತೆ ಹಾಕಿ ನೋಡಿ. ಇದು ಶುರುಮಾಡುವ ಜಾಗ, ಆಮೇಲೆ ಅರ್ಧ ಅಡಿ ಹಿಂದೆಮುಂದೆ ಸರಿಸಬಹುದು.

ಆಗ ಕಣ್ಣಿನಿಂದ ಮುಂದಿನ ಗೋಡೆಗೆ 8 ಅಡಿ 8 ಇಂಚು. ಈ ದೂರಕ್ಕೆ 75 ಇಂಚಿನ ಟಿವಿ ಸುಮಾರು 35 ಡಿಗ್ರಿ ನೋಟ ತುಂಬುತ್ತದೆ, 85 ಇಂಚಿನದು 39, 100 ಇಂಚಿನ ಪರದೆ 45. ಸಿನಿಮಾಕ್ಕೆ 30ರಿಂದ 40 ಡಿಗ್ರಿ ಹಿತ. 45 ಅಂದರೆ ಟಾಕೀಸಿನ ಮುಂದಿನ ಸಾಲಿನ ಅನುಭವ, ಕೆಲವರಿಗೆ ಇಷ್ಟ, ನನಗಲ್ಲ. ಹೀಗಾಗಿ ಕೆಳಕೋಣೆ ಅಂದರೆ ಟಿವಿ ಅಂತಲೇ ಲೆಕ್ಕ. ಪ್ರೊಜೆಕ್ಟರ್‌ನ ಧೂಳು, ಕಾವು, ಕತ್ತಲೆ ಮಾಡುವ ತಾಪತ್ರಯ ಮೂರೂ ತಪ್ಪಿದವು.

ಮುಂದಿನ ಎರಡು ಸ್ಪೀಕರ್ ನಡುವೆ 7 ಅಡಿ ಬಿಡಿ, ಪಕ್ಕದ ಗೋಡೆಗಳಿಂದ ತಲಾ 2 ಅಡಿ, ಟಿವಿ ಇರುವ ಗೋಡೆಯಿಂದ ಒಂದೂವರೆ ಅಡಿ. ಕೂತವರಿಗೆ ಎರಡೂ ಕಡೆ 26 ಡಿಗ್ರಿ ಬರುತ್ತದೆ, ಡಾಲ್ಬಿ ಹೇಳುವ 22-30ರ ಒಳಗೇ. ಸರೌಂಡ್ (ಪಕ್ಕದಿಂದ ಕೇಳುವ ಸ್ಪೀಕರ್) ಎರಡೂ ಕಿವಿಯ ಗೆರೆಗಿಂತ 2 ಅಡಿ ಹಿಂದೆ ಪಕ್ಕದ ಗೋಡೆಗಳ ಮೇಲೆ, ಅಲ್ಲಿಗೆ 110 ಡಿಗ್ರಿ. ನಿಮ್ಮ ಬಾಗಿಲು ಹಿಂದಿನ ಮೂಲೆಯ 3 ಅಡಿಯೊಳಗೇ ಇದ್ದರೆ ಬಲಗಡೆಯ ಸರೌಂಡ್ ಬಾಗಿಲಿನ ಚೌಕಟ್ಟಿಗೆ ಬಡಿಯದೆ ಕೂರುತ್ತದೆ. ಆದರೆ ಬಾಗಿಲು ಒಳಕ್ಕೆ ತೆರೆದರೆ ಅದರ ರೆಕ್ಕೆ ನೇರ ಸ್ಪೀಕರ್ ಮೇಲೇ ಬರುತ್ತದೆ, ಹೊರಕ್ಕೆ ತೆರೆಯುವಂತೆ ಈಗಲೇ ತಿರುಗಿಸಿ.

ಸಂಡೂರು ಕೆಂಪು:

ಮೇಲಿನವರ ಅಳತೆಗೆ ತಕರಾರಿಲ್ಲ, ಕೋಣೆಯ ಆಯ್ಕೆಗೆ ಇದೆ. ಎಡಗೋಡೆ ನಾಲ್ಕೂವರೆ ಇಂಚು, ಆಚೆ ಹಿರಿಯರು ಮಲಗುವ ಜಾಗ ಅಂತ ಅವರೇ ಬರೆದಿದ್ದಾರೆ. ಮಾತು, ಹಾಡು ಆ ಗೋಡೆಯನ್ನು ದಾಟಿ ಅಷ್ಟಾಗಿ ಬರಲಿಕ್ಕಿಲ್ಲ. ಆದರೆ 40-50 ಹರ್ಟ್ಸ್‌ನ ಗುಡುಗು ಬರುತ್ತದೆ, ಜೊತೆಗೆ ಆ ಕಡೆ ಸ್ಟೀಲ್ ಅಲಮಾರು ಇದ್ದರೆ ಅದರ ಬಾಗಿಲು ತಾಳ ಹಾಕುತ್ತದೆ.

ಒಳಗಡೆ ಎರಡನೇ ಗೋಡೆ ಎಬ್ಬಿಸಬಹುದು. ಹಳೇ ಗೋಡೆಗೆ ಎಲ್ಲಿಯೂ ತಾಗದಂತೆ 1 ಇಂಚು ಬಿಟ್ಟು 2 ಇಂಚಿನ ಜಿಐ ಚಾನೆಲ್ (ತಗಡಿನ ಚೌಕಟ್ಟು), ಒಳಗೆ 50 ಮಿಮೀ ರಾಕ್‌ವೂಲ್ (ಕಲ್ಲಿನ ನಾರಿನ ಹಲಗೆ), ಮೇಲೆ 12.5 ಮಿಮೀ ಜಿಪ್ಸಮ್ ಹಲಗೆ ಎರಡು ಪದರ, ಮೊದಲ ಪದರದ ಸಂದಿನ ಮೇಲೆ ಎರಡನೆಯದರ ಸಂದು ಬರದಂತೆ. ಒಟ್ಟು 4 ಇಂಚು ಹೋಗುತ್ತದೆ. ಕೆಲಸಗಾರರು ಗಟ್ಟಿಯಾಗಲಿ ಅಂತ ನಡುವೆ ಒಂದೆರಡು ಕ್ಲ್ಯಾಂಪ್ ಹೊಡೆದು ಹಳೇ ಗೋಡೆಗೆ ಕಟ್ಟಿಬಿಡುತ್ತಾರೆ, ಅಲ್ಲಿಗೆ ದುಡ್ಡು ನೀರಿಗೆ. ಎಲ್ಲವೂ ಸರಿ ಹೋದರೂ ಇದು ಮಾತಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ, 50 ಹರ್ಟ್ಸ್ ಆಸುಪಾಸಿಗೆ ಹೇಳಿಕೊಳ್ಳುವ ಪ್ರಯೋಜನವಿಲ್ಲ.

ಅದಕ್ಕೆ ಮೇಲಿನ ಕೋಣೆಯನ್ನೂ ಯೋಚಿಸಿ ಅನ್ನುತ್ತೇನೆ. ಮಾಳಿಗೆಗೆ ಬಿಳಿಯ ಕೂಲ್‌ರೂಫ್ ಬಣ್ಣ ಎರಡು ಕೋಟು, ಸ್ಲ್ಯಾಬ್ ಕೆಳಗೆ 50 ಮಿಮೀ ಗ್ಲಾಸ್‌ವೂಲ್ ಇಟ್ಟು ಸೀಲಿಂಗ್, ಪಡುವಣ ಕಿಟಕಿ ಬಂದ್. 18 ಅಡಿಗೆ ಸೀಟು ಪರದೆಯಿಂದ 11 ಅಡಿ ದೂರ ಹೋಗುತ್ತದೆ, 100 ಇಂಚಿನ ಪರದೆ 36 ಡಿಗ್ರಿ ಆಗಿ ಹದವಾಗಿ ಕೂರುತ್ತದೆ. ಎರಡು ಸಾಲು ಕುರ್ಚಿಗೂ ಜಾಗ. ಖರ್ಚು ಹೆಚ್ಚು, ಒಪ್ಪುತ್ತೇನೆ.

ಯಾವ ಕೋಣೆಯಾದರೂ ಬಾಗಿಲು, ಕಿಟಕಿ ಮೊದಲು. ಗೋಡೆಯ ವಿಸ್ತಾರದಲ್ಲಿ ನೂರಕ್ಕೆ ಒಂದು ಪಾಲು ತೂತಿದ್ದರೂ ಸಾಕು, ಗೋಡೆ ಎಷ್ಟೇ ದಪ್ಪವಿರಲಿ ಒಟ್ಟು ತಡೆ 20 ಡೆಸಿಬಲ್ ಆಸುಪಾಸಿಗೇ ನಿಲ್ಲುತ್ತದೆ. ಟೊಳ್ಳು ಫ್ಲಶ್ ಡೋರ್ ತೆಗೆದು 38 ಮಿಮೀ ಘನ ಬಾಗಿಲು ಹಾಕಿ, ಚೌಕಟ್ಟಿನ ಸುತ್ತ ರಬ್ಬರ್ ಗ್ಯಾಸ್ಕೆಟ್, ಕೆಳಗೆ ಬಾಗಿಲು ಮುಚ್ಚಿದಾಗ ಇಳಿಯುವ ಡ್ರಾಪ್ ಸೀಲ್. ಫರಸಿ ನೆಲ ಏರುಪೇರಿದ್ದರೆ ಸೀಲ್ ಒಂದು ಕಡೆ ಕೂತು ಇನ್ನೊಂದು ಕಡೆ ಬೆಳಕು ಬಿಡುತ್ತದೆ, ಬಾಗಿಲ ಕೆಳಗೆ ಒಂದು ಗ್ರಾನೈಟ್ ಪಟ್ಟಿ ಮಟ್ಟಸವಾಗಿ ಕೂರಿಸಿಕೊಳ್ಳಿ. ರಾತ್ರಿ ದೀಪ ಆರಿಸಿ ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಎಲ್ಲಿ ಸದ್ದು ಸೋರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಬೇಡಿ. 18 ಮಿಮೀ ಪ್ಲೈವುಡ್ ಎರಡು ಹಲಗೆ, ನಡುವೆ ರಾಕ್‌ವೂಲ್, ಸುತ್ತ ಗ್ಯಾಸ್ಕೆಟ್, ಬೇಕೆಂದಾಗ ತೆಗೆಯುವ ಹಾಗೆ ನಾಲ್ಕು ಚಿಲಕ. ಗಾಳಿಗೆ ಅದರಲ್ಲೇ 4 ಇಂಚಿನ ಪಿವಿಸಿ ಪೈಪು, ಎರಡು ಬಾಗು ಕೊಟ್ಟು, ತುದಿಗೆ ಸಣ್ಣ ಇನ್‌ಲೈನ್ ಫ್ಯಾನ್. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಐವರು ಎರಡೂವರೆ ಗಂಟೆ ಕೂತರೆ ಎಸಿ ಇದ್ದರೂ ತಲೆ ಭಾರವಾಗುತ್ತದೆ, ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲವಲ್ಲ. ಪೈಪಿನ ಹೊರತುದಿಗೆ ಜಾಳಿಗೆ ಮತ್ತು ತೊಳೆಯಬಹುದಾದ ಫಿಲ್ಟರ್ ಇಡಿ. ಅದಿರು ಲಾರಿ ಓಡಾಡುವ ರಸ್ತೆ ಹತ್ತಿರವಿದ್ದರೆ ಕೆಂಪು ಧೂಳು ಎವಿಆರ್ ಒಳಗೇ ಹೋಗಿ ಕೂರುತ್ತದೆ.

ಕೌಲ್‌ಬಜಾರ್ ಹುಡುಗ:

ಇಬ್ಬರಿಗೂ ಥ್ಯಾಂಕ್ಸ್ ಸರ್. ಮೇಲಿನ ಕೋಣೆಯ ಖರ್ಚು ಕೈಗೆ ಎಟುಕುವುದಿಲ್ಲ, ಕೆಳಗಿನದೇ ಪಕ್ಕಾ. ಅಪ್ಪ-ಅಮ್ಮ ಮುಂದಿನ ಕೋಣೆಗೆ ಬದಲಾಯಿಸಿಕೊಳ್ಳಲು ಒಪ್ಪಿದ್ದಾರೆ, ಎಡಗೋಡೆಯ ಆಚೆ ಇನ್ನು ಸಾಮಾನಿನ ಕೋಣೆ. ಹೊರಘಟಕ ಸಂದಿಯ ಆಚೆಗಿನ ಕಾಂಪೌಂಡ್ ಕಡೆ ನೆಲದ ಮೇಲೆ.

ಈಗ ಗೋಡೆಯ ವಿಷಯ. ಫೋಮ್ ಬೇಡ ಅಂದರೆ ಬದಲಿಗೆ ಏನು? ಮೊಟ್ಟೆ ಟ್ರೇ ಹೊಡೆಯಿರಿ ಅಂತ ಒಬ್ಬರು ಹೇಳಿದರು. ಇಲ್ಲಿ ಜೀನ್ಸ್ ಯೂನಿಟ್‌ಗಳಲ್ಲಿ ಕತ್ತರಿಸಿ ಉಳಿದ ತುಂಡು ಮೂಟೆಗಟ್ಟಲೆ ಸಿಗುತ್ತದೆ, ಅದನ್ನು ಒಳಗೆ ತುಂಬಬಹುದಾ? ವೈರಿಂಗ್‌ನವರು ನಾಳಿದ್ದು ಗೋಡೆ ಕೊರೆಯುತ್ತಾರೆ, ಏನೇನು ಎಳೆಸಲಿ ಅಂತಲೂ ಹೇಳಿ.

ವೈರಿಂಗ್ ಗಂಗಾವತಿ:

ಗ್ವಾಡಿ ಕೊರಿಯೂದು ನಾಳಿದ್ದು ಅಂದ್ರಲ್ಲ, ಅದಕ್ಕ ನಾ ಮೊದಲ ಹೇಳ್ತೀನ್ರಿ.

ಎಸಿಗೆ ಬೋರ್ಡಿನಿಂದ ನೇರ 4 ಚದರ ಮಿಮೀ ವೈರ್, ಅದಕ್ಕ ಬ್ಯಾರೆ ಎಂಸಿಬಿ. ಟಿವಿ, ಎವಿಆರ್, ಸಬ್‌ವೂಫರ್ ಎಲ್ಲಾ ಸೇರಿ ಇನ್ನೊಂದು ಲೈನ್, 2.5 ಚದರ ಮಿಮೀ, 16 ಆಂಪ್ ಎಂಸಿಬಿ. ಎಲ್ಲಾ ಸಾಮಾನು ಒಂದ ಲೈನಿನ ಮ್ಯಾಲೆ, ಒಂದ ಅರ್ತಿಂಗ್ ಮ್ಯಾಲೆ ಇರಬೇಕು. ಟಿವಿ ಒಂದು ಪಾಯಿಂಟಿಗೆ, ಹಿಂದಿನ ಸಬ್ ಇನ್ನೊಂದು ರೂಮಿನ ಲೈನಿಗೆ ಹಾಕಿದ್ರ ಗುಂಯ್ ಅನ್ನೂ ಹಮ್ಮಿಂಗ್ ಬರ್ತೈತಿ. ಅದಕ್ಕ ಹಿಂದಿನ ಗ್ವಾಡಿಗೂ ಅದ ಲೈನಿಂದ ಒಂದು ಪ್ಲಗ್ ಪಾಯಿಂಟ್ ಕೊಡಸ್ರಿ, ಮುಂದ ಎರಡನೇ ಸಬ್ ಬಂದ್ರ ಬೇಕಾಗ್ತೈತಿ.

ಸ್ಪೀಕರ್ ವೈರ್ 2.5 ಚದರ ಮಿಮೀ ತಾಮ್ರದ್ದು ಹಾಕ್ರಿ. 10 ಮೀಟರ್ ಹೋಗಿ ಬಂದ್ರೂ ರೆಸಿಸ್ಟನ್ಸ್ 0.14 ಓಮ್ ಅಷ್ಟ, 8 ಓಮ್ ಸ್ಪೀಕರಿಗೆ ಅದೇನೂ ಲೆಕ್ಕಕ್ಕಿಲ್ಲ. ಇದಕ್ಕಿಂತ ದುಬಾರಿ ವೈರಿಗೆ ರೊಕ್ಕ ಹಾಕಬ್ಯಾಡ್ರಿ. ಅಂಗಡ್ಯಾಗ ಅಗ್ಗದ್ದು ಕೊಟ್ರ ಬ್ಲೇಡಿಲೆ ಒಂದೆಳಿ ಕೆರೆದು ನೋಡ್ರಿ, ಮ್ಯಾಲೆ ಕೆಂಪಗಿದ್ದು ಒಳಗ ಬೆಳ್ಳಗ ಕಂಡ್ರ ಅದು ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ, ವಾಪಸ್ ಕೊಡ್ರಿ. ಸರೌಂಡ್ ಎರಡು, ಆಟ್ಮಾಸ್ ಎರಡು, ಆಮ್ಯಾಲೆ ಚಾವಣಿಗೆ ಇನ್ನೆರಡು ಖಾಲಿ ಬಿಟ್ರೂ ಇರ್ಲಿ. ಸಬ್‌ವೂಫರಿಗೆ ಮುಂದೊಂದು, ಹಿಂದೊಂದು ಕೋಯಾಕ್ಸಿಯಲ್ ಕೇಬಲ್.

ಟಿವಿಯಿಂದ ಎವಿಆರ್ ಇಡೂ ಜಾಗಕ್ಕ ಒಂದೂವರೆ ಇಂಚಿನ ಪೈಪ್ ಹಾಕ್ರಿ. ವೈರಿಂಗಿನವ್ರು ಮುಕ್ಕಾಲು ಇಂಚಿನ ಕಂಡ್ಯೂಟ್ ಸಾಕು ಅಂತಾರ, ಎಚ್‌ಡಿಎಂಐ ಪಿನ್ನಿನ ತಲಿ ಅದರಾಗ ಹೋಗಂಗಿಲ್ಲ. ಮೂಲ್ಯಾಗ ಎಲ್ಬೋ ಬ್ಯಾಡ, ಉದ್ದನೆ ಬೆಂಡ್ ಹಾಕ್ರಿ, ಒಳಗೊಂದು ನೈಲಾನ್ ಹಗ್ಗ ಬಿಟ್ಟಿರ್ರಿ. ನಾಳೆ ಕೇಬಲ್ ಕೆಟ್ರ ಅದಕ್ಕ ಕಟ್ಟಿ ಜಗ್ಗಿದ್ರ ಆತು. 5 ಮೀಟರಿನೊಳಗ ಸಾದಾ ಒಳ್ಳೆ ಎಚ್‌ಡಿಎಂಐ ನಡಿತೈತಿ. ಅದಕ್ಕಿಂತ ಉದ್ದ ಆದ್ರ ಆಪ್ಟಿಕಲ್ ಎಚ್‌ಡಿಎಂಐ ತಗೋರಿ, ಅದಕ್ಕ ದಿಕ್ಕು ಐತಿ, ಒಂದು ತುದಿ ಸೋರ್ಸ್, ಒಂದು ತುದಿ ಡಿಸ್‌ಪ್ಲೇ ಅಂತ ಬರ್ದಿರ್ತೈತಿ. ಉಲ್ಟಾ ಎಳೆದು ಪ್ಲಾಸ್ಟರ್ ಮಾಡಿದ್ರ ಪರದೆ ಕಪ್ಪಗ ಇರ್ತೈತಿ. ಒಂದು ಕ್ಯಾಟ್-6 ಕೇಬಲ್ಲೂ ಬಿಡ್ರಿ.

ಕರೆಂಟಿನ ವೈರಿಗೂ ಸ್ಪೀಕರ್ ವೈರಿಗೂ ಒಂದಡಿ ಅಂತರ ಇರ್ಲಿ. ದಾಟಬೇಕಾದಲ್ಲಿ ನೇರ ಅಡ್ಡ ದಾಟಸ್ರಿ, ಗ್ವಾಡ್ಯಾಗ ಕೊರೆದ ಒಂದ ಗಾಡ್ಯಾಗ ಜೋಡಿಲೆ ಓಡಿಸಬ್ಯಾಡ್ರಿ.

ಅರ್ತಿಂಗ್ ಮಾತು ಮರೀಬ್ಯಾಡ್ರಿ. ನಮ್ಮ ಕಡೆ ಬ್ಯಾಸಿಗ್ಯಾಗ ನೆಲ ಒಣಗಿ ಗುಂಡಿ ಸುಮ್ನ ಹೆಸರಿಗೆ ಇರ್ತೈತಿ. ಲೋಡ್ ಇದ್ದಾಗ ನ್ಯೂಟ್ರಲ್-ಅರ್ತ್ ನಡುವ ಮೀಟರ್ ಹಿಡಿರಿ, ಒಂದೆರಡು ವೋಲ್ಟ್ ಇದ್ರ ಸರಿ, 5ರ ಮ್ಯಾಲೆ ಹೋದ್ರ ಗುಂಡಿನೋ ನ್ಯೂಟ್ರಲ್ ಜಾಯಿಂಟೋ ನೋಡಸ್ಬೇಕು. ಎಲ್ಲಾ ಸರಿ ಇದ್ದೂ ಗುಂಯ್ ಅಂದ್ರ ಡಿಶ್ಶಿನ ಕೇಬಲ್ ಬಿಚ್ಚಿ ನೋಡ್ರಿ. ಸದ್ದು ನಿಂತ್ರ ಕಳ್ಳ ಅಲ್ಲೇ ಅದಾನ, ಆ ಕೇಬಲ್ಲಿಗೆ ಒಂದು ಐಸೊಲೇಟರ್ ಹಾಕ್ರಿ. ಸದ್ದು ನಿಲ್ಲಿಸಾಕ ಅಂತ ಎವಿಆರಿನ ಅರ್ತ್ ಪಿನ್ ಮುರಿಯವ್ರು ಅದಾರ, ಜೀವಕ್ಕ ಅಪಾಯ, ಮಾಡಬ್ಯಾಡ್ರಿ.

ಮನಿ ಇನ್ವರ್ಟರ್ ಮ್ಯಾಲೆ ಎವಿಆರ್ ಓಡಸೂದಿದ್ರ ಅದು ಪ್ಯೂರ್ ಸೈನ್ ವೇವ್ ಇರಬೇಕು. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನ್ಯಾಗ ಟ್ರಾನ್ಸ್‌ಫಾರ್ಮರ್ ಒದರ್ತೈತಿ, ಕಾಯ್ತೈತಿ. ಮೇನ್ ಬೋರ್ಡಿನ್ಯಾಗ ಟೈಪ್-2 ಸರ್ಜ್ ಪ್ರೊಟೆಕ್ಟರ್ ಇರ್ಲಿ, ಮಳಿಗಾಲದ ಸಿಡಿಲಿಗೆ ಸ್ಟೆಬಿಲೈಸರ್ ಏನೂ ಮಾಡಂಗಿಲ್ಲ.

ನಾದಲೋಲ ರಾಯಚೂರು:

ವೈರಿಂಗ್ ವಿಷಯದಲ್ಲಿ ಇದಕ್ಕಿಂತ ಸೇರಿಸುವುದೇನಿಲ್ಲ. ಆಟ್ಮಾಸ್ ಸ್ಪೀಕರ್‌ಗೆ ಸ್ಲ್ಯಾಬ್ ಕೊರೆಯುವ ಮುಂಚೆ ಫ್ಯಾನು, ಲೈಟಿನ ಕಂಡ್ಯೂಟ್ ಯಾವ ದಾರಿಯಲ್ಲಿ ಹೋಗಿದೆ ಅಂತ ಗುರುತು ಮಾಡಿಸಿಕೊಳ್ಳಿ. ಎರಡೇ ಇದ್ದರೆ ಕೂತವರ ನೆತ್ತಿಗಿಂತ ಒಂದು ಅಡಿ ಮುಂದೆ, ಎಡಬಲ ಮುಂದಿನ ಸ್ಪೀಕರ್‌ಗಳ ನೇರಕ್ಕೆ.

ಈಗ ಗೋಡೆ. ಎರಡು ಕೆಲಸವನ್ನು ಒಂದೇ ಅಂದುಕೊಂಡಿದ್ದಾರೆ ನಿಮ್ಮ ಇಂಟೀರಿಯರ್‌ನವರು. ಸದ್ದು ಹೊರಗೆ ಹೋಗದಂತೆ ತಡೆಯಲು ಭಾರ ಬೇಕು, ಬಿಗಿ ಬೇಕು. ಒಳಗಿನ ಪ್ರತಿಧ್ವನಿ ಹೀರಲು ಗಾಳಿ ಆಡುವ ನಾರು ಬೇಕು. ಫೋಮ್‌ಗೆ ಭಾರವೇ ಇಲ್ಲ, ಹಾಗಾಗಿ ಸದ್ದು ತಡೆಯುವುದಿಲ್ಲ. ಒಂದಿಂಚಿನ ಫೋಮ್ ಹೀರುವುದು ಬರೀ ತೀಕ್ಷ್ಣ ಸ್ವರಗಳನ್ನು. ಕೋಣೆ ತುಂಬ ಹಚ್ಚಿದರೆ ಮಾತು ಮಂಕಾಗಿ, ಕೆಳಗಿನ ಗುಂಗು ಹಾಗೇ ಉಳಿಯುತ್ತದೆ. ಸಾಲದ್ದಕ್ಕೆ ಸಾದಾ ಪಾಲಿಯುರೆಥೇನ್ ಫೋಮ್ ಬೆಂಕಿ ಹಿಡಿದರೆ ಕೆಲವೇ ಕ್ಷಣದಲ್ಲಿ ವಿಷದ ಹೊಗೆ ತುಂಬುತ್ತದೆ, ಒಂದೇ ಬಾಗಿಲಿನ ಕೋಣೆಯಲ್ಲಿ ಅದು ಬೇಡವೇ ಬೇಡ. ಮೊಟ್ಟೆ ಟ್ರೇ ಬಗ್ಗೆ ಬರೆಯುವಷ್ಟೂ ವಿಷಯವಿಲ್ಲ.

ಎಷ್ಟು ಹೀರಿಸಬೇಕು ಅನ್ನುವುದಕ್ಕೆ ಲೆಕ್ಕವಿದೆ. ಕೋಣೆಯ ಗಾತ್ರ 1,540 ಘನ ಅಡಿ. ಇದನ್ನು 0.049ರಿಂದ ಗುಣಿಸಿ, ಒಟ್ಟು ಹೀರುವ ವಿಸ್ತಾರದಿಂದ (ಸದ್ದನ್ನು ಪೂರ್ತಿ ನುಂಗುವ ಎಷ್ಟು ಚದರ ಅಡಿಗೆ ಸಮ ಅನ್ನುವ ಲೆಕ್ಕ) ಭಾಗಿಸಿದರೆ ಸದ್ದು ಅಡಗಲು ಬೇಕಾದ ಸೆಕೆಂಡು ಸಿಗುತ್ತದೆ. ಬರೀ ಪ್ಲಾಸ್ಟರು, ಫರಸಿ ಎಲ್ಲ ಸೇರಿ ಹೀರುವುದು 20 ಚದರ ಅಡಿಯಷ್ಟು ಮಾತ್ರ, ಅಂದರೆ ಖಾಲಿ ಕೋಣೆಯಲ್ಲಿ 3 ಸೆಕೆಂಡಿಗೂ ಮೇಲೆ ಗುಂಗು. ನಮಗೆ ಬೇಕಾದ್ದು 0.4 ಸೆಕೆಂಡ್ ಆಸುಪಾಸು, ಅದಕ್ಕೆ 188 ಚದರ ಅಡಿ ಬೇಕು. ದಪ್ಪ ಬಟ್ಟೆ ಸೋಫಾ 20-25, ನೆರಿಗೆ ಬಿಟ್ಟ ದಪ್ಪ ಪರದೆ 20, ಸೋಫಾ ಮುಂದೆ ಜಮಖಾನದ ಕೆಳಗೆ ಕಂಬಳಿ ಹಾಸಿದರೆ 15-18, ಮೂರು ಜನ 12-15. ಉಳಿದದ್ದು 4×2 ಅಡಿಯ 12 ಪ್ಯಾನೆಲ್. ಒಂದೊಂದೂ 8 ಚದರ ಅಡಿ, ಒಟ್ಟು 96. ಹೆಚ್ಚುಕಡಿಮೆ ಅಲ್ಲಿಗೆ ಮುಟ್ಟುತ್ತದೆ. ರೆಕ್ಸಿನ್ ಅಥವಾ ಚರ್ಮದ ಸೋಫಾ ಆದರೆ ಇನ್ನೊಂದೆರಡು ಪ್ಯಾನೆಲ್ ಬೇಕಾಗಬಹುದು.

ಪ್ಯಾನೆಲ್ ಮಾಡುವ ಬಗೆ: ಘನ ಮೀಟರಿಗೆ 48 ಕೆಜಿ ಸಾಂದ್ರತೆಯ 50 ಮಿಮೀ ರಾಕ್‌ವೂಲ್ ಹಲಗೆ, 1200×600 ಮಿಮೀ ಅಳತೆಯದು ತರಿಸಿ. ಇಲ್ಲಿ ಬಡಗಿಗಳು ತಪ್ಪದೆ ಎಡವುವ ಒಂದು ಜಾಗವಿದೆ. 4×2 ಅಡಿ ಅಂತ ಹೇಳಿದರೆ ಚೌಕಟ್ಟಿನ ಒಳ ಅಳತೆಯನ್ನು 1219×610 ಮಾಡಿ ಕೊಡುತ್ತಾರೆ, ಹಲಗೆ ಸಡಿಲಾಗಿ ಕೆಲವು ತಿಂಗಳಲ್ಲಿ ಕೆಳಕ್ಕೆ ಜಾರಿ ಮೇಲ್ಗಡೆ ಖಾಲಿಯಾಗುತ್ತದೆ. ಒಳ ಅಳತೆ 1190×590 ಮಿಮೀ ಅಂತ ಚೀಟಿಯಲ್ಲಿ ಬರೆದುಕೊಡಿ, ರಾಕ್‌ವೂಲ್ ಒತ್ತಿ ಕೂರಿಸಿದರೆ ತಾನೇ ಹಿಡಿದುಕೊಳ್ಳುತ್ತದೆ. ಹಿಂದೆ ಪ್ಲೈವುಡ್ ಹೊಡೆಯಬೇಡಿ, ಎರಡು ಅಡ್ಡಪಟ್ಟಿ ಸಾಕು. ಗೋಡೆಯಿಂದ 2 ಇಂಚು ದೂರ ನಿಲ್ಲುವಂತೆ ಹಿಂದೆ ಮರದ ತುಂಡು ಕೊಟ್ಟರೆ ಅದೇ ಹಲಗೆ ಇನ್ನೂ ಕೆಳಗಿನ ಸ್ವರಗಳನ್ನೂ ಹೀರುತ್ತದೆ. ನಾರು ಉದುರದಂತೆ ಮೊದಲು ಕೈಚೀಲಕ್ಕೆ ಬಳಸುವ ತೆಳು ನಾನ್‌ವೋವನ್ ಬಟ್ಟೆ ಸುತ್ತಿ, ಮೇಲೆ ನಿಮಗೊಪ್ಪುವ ಬಟ್ಟೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ, ಉಸಿರು ಸರಾಗವಾಗಿ ಆಚೆ ಹೋದರೆ ಸರಿ. ಕತ್ತರಿಸುವವರು ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಹಾಕಲೇಬೇಕು, ಇಲ್ಲದಿದ್ದರೆ ಮೈಯೆಲ್ಲ ತುರಿಕೆ.

12ರಲ್ಲಿ ಎಡಕ್ಕೆ ಎರಡು, ಬಲಕ್ಕೆ ಎರಡು, ಚಾವಣಿಗೆ ಎರಡು. ಸೋಫಾದಲ್ಲಿ ಕೂತು ಇನ್ನೊಬ್ಬರಿಂದ ಗೋಡೆಗುಂಟ ಕನ್ನಡಿ ಸರಿಸಿ, ಮುಂದಿನ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲೇ ಪ್ಯಾನೆಲ್ ಬರಬೇಕು. ಹಿಂದಿನ ಗೋಡೆಗೆ ನಾಲ್ಕು, ಮುಂದಿನ ಎರಡು ಮೂಲೆಗೆ ಅಡ್ಡವಾಗಿ ನಿಲ್ಲಿಸಿ ಎರಡು. ಈ ಆರಕ್ಕೆ ಎರಡೆರಡು ಹಲಗೆ ಸೇರಿಸಿ 100 ಮಿಮೀ ಮಾಡಿ. ಅಲ್ಲಿಗೆ ಒಟ್ಟು 18 ಹಲಗೆ.

ಜೀನ್ಸ್ ತುಂಡು ನಡೆಯುತ್ತದೆ, ಹತ್ತಿ ಒಳ್ಳೆಯ ಹೀರುಗವೇ. ಆದರೆ ತುಂಡುಗಳನ್ನು ಹಾಗೇ ತುರುಕಿದರೆ ಕೆಳಗೆ ಗಟ್ಟಿ, ಮೇಲೆ ಟೊಳ್ಳು. ಗಾದಿ ಮಾಡುವವರ ಹತ್ತಿರ ಯಂತ್ರದಲ್ಲಿ ಪಿಂಜಿಸಿ, 4 ಇಂಚು ದಪ್ಪದ ಪ್ಯಾನೆಲ್ ಒಂದಕ್ಕೆ 3 ಕೆಜಿಯಂತೆ ತುಂಬಿ, ಗಾದಿಯ ಹಾಗೆಯೇ ಅಲ್ಲಲ್ಲಿ ದಾರ ಹಾಕಿ ಹೊಲಿಸಿ. ರಾಕ್‌ವೂಲ್‌ಗೆ ಬೆಂಕಿ ಹತ್ತುವುದಿಲ್ಲ, ಹತ್ತಿಗೆ ಹತ್ತುತ್ತದೆ, ಇಲಿಗೂ ಇಷ್ಟ. ಅದಕ್ಕೆ ಇದನ್ನು ಹಿಂದಿನ ಗೋಡೆಗಷ್ಟೇ ಬಳಸಿ, ಪ್ಲಗ್ ಪಾಯಿಂಟು, ದೀಪದಿಂದ ದೂರ ಇಡಿ.

ಪಿಒಪಿ ಸೀಲಿಂಗ್ ನಿಮಗೆ ಬೇಕಾಗಿಲ್ಲ. ತೆಳು ಹಲಗೆಯ ಸೀಲಿಂಗ್ ಸಬ್‌ವೂಫರ್‌ಗೆ ತಮಟೆಯ ಹಾಗೆ ದನಿಗೂಡಿಸುತ್ತದೆ, ಅದರಲ್ಲಿ ಕೂರಿಸಿದ ಸಣ್ಣ ದೀಪಗಳ ಸ್ಪ್ರಿಂಗ್ ಜಿರ್ ಅನ್ನುತ್ತವೆ.

ಸಂಡೂರು ಕೆಂಪು:

ಹಿರಿಯರು ಕೋಣೆ ಬದಲಾಯಿಸಿದ ಮೇಲೆ ನನ್ನ ತಕರಾರು ಮುಗಿಯಿತು. ಬಾಸ್ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. 4 ಇಂಚಿನ ಪ್ಯಾನೆಲ್ 40 ಹರ್ಟ್ಸ್‌ಗೆ ಏನೂ ಮಾಡುವುದಿಲ್ಲ, ಆ ಅಲೆಯ ಕಾಲುಭಾಗವೇ 7 ಅಡಿ. ಅದನ್ನು ಹತೋಟಿಗೆ ತರುವುದು ಸಬ್‌ವೂಫರ್ ಇಡುವ ಜಾಗದಿಂದ.

ಒಂದೇ ಸಬ್ ಇದ್ದರೆ ಅದನ್ನು ಸೋಫಾದ ಮೇಲೆ, ನೀವು ಕೂರುವಲ್ಲೇ ಇಟ್ಟು, ಬಾಸ್ ಇರುವ ಹಾಡು ಹಚ್ಚಿ, ಮುಂದಿನ ಗೋಡೆಗುಂಟ ಬಗ್ಗಿ ಕಿವಿಯನ್ನು ನೆಲದ ಹತ್ತಿರ ತಂದು ಓಡಾಡಿ. ಎಲ್ಲಿ ಬಾಸ್ ಒಂದೇ ಸಮನಾಗಿ ಕೇಳುತ್ತದೋ ಸಬ್ ಅಲ್ಲಿಗೆ. ಎರಡು ಕೊಳ್ಳುವ ಯೋಚನೆಯಿದ್ದರೆ ಒಂದು 12 ಇಂಚಿನದರ ಬದಲು ಎರಡು 10 ಇಂಚಿನದು ತೆಗೆದುಕೊಳ್ಳಿ. ಒಂದು ಮುಂದಿನ ಗೋಡೆಯ ನಡುವೆ ಟಿವಿ ಕೆಳಗೆ, ಇನ್ನೊಂದು ಹಿಂದಿನ ಗೋಡೆಯ ನಡುವೆ. ಎರಡೂ ಒಟ್ಟಿಗೆ ತಳ್ಳುವುದರಿಂದ ಉದ್ದದ 40 ಹರ್ಟ್ಸ್ ಅಲೆ ಏಳುವುದೇ ಇಲ್ಲ, ಅಗಲದ 51ಕ್ಕೆ ನಡುಗೆರೆಯೇ ಶೂನ್ಯವಾದ್ದರಿಂದ ಅದೂ ಕೆರಳುವುದಿಲ್ಲ. ಮೂರೂ ಸೀಟಿಗೆ ಬಾಸ್ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಸಬ್ ಹಿಂದಿನ ಫಿಲ್ಟರ್ ತಿರುಗಣೆ ಪೂರ್ತಿ ಮೇಲಕ್ಕೆ ಅಥವಾ ಎಲ್‌ಎಫ್‌ಇಗೆ, ಫೇಸ್ 0, ವಾಲ್ಯೂಮ್ ಅರ್ಧ.

ಆಮೇಲೆ ಎವಿಆರ್ ಜೊತೆ ಬರುವ ಮೈಕಿನಿಂದ ಕೋಣೆಯ ಸದ್ದಿನ ಅಳತೆ. ಎಸಿ, ಫ್ಯಾನ್ ಆರಿಸಿ. ಮೈಕನ್ನು ಟ್ರೈಪಾಡ್‌ಗೆ ಹಾಕಿ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಸೋಫಾದ ಬೆನ್ನಿಗೆ ಒರಗಿಸಿದರೆ ಅಳತೆ ಕೆಡುತ್ತದೆ. ಮೊದಲ ಅಳತೆ ಮುಖ್ಯ ಸೀಟಿನಲ್ಲಿ, ಉಳಿದವು ಅದರ ಸುತ್ತ ಒಂದೆರಡು ಅಡಿಯೊಳಗೆ. ಮುಗಿದ ಮೇಲೆ ಮೆನುವಿಗೆ ಹೋಗಿ, ಸ್ಪೀಕರ್‌ಗಳನ್ನು ಲಾರ್ಜ್ ಅಂತ ಬರೆದಿದ್ದರೆ ಸ್ಮಾಲ್ ಮಾಡಿ, ಕ್ರಾಸ್‌ಓವರ್ (ಇದಕ್ಕಿಂತ ತಗ್ಗಿನ ಸ್ವರ ಸಬ್‌ಗೆ ಹೋಗುವ ಗಡಿ) 80 ಹರ್ಟ್ಸ್. ಸಬ್‌ನ ದೂರ ನಿಜಕ್ಕಿಂತ ಮೂರ್ನಾಲ್ಕು ಅಡಿ ಹೆಚ್ಚು ತೋರಿಸಿದರೆ ತಿದ್ದಬೇಡಿ, ಸಬ್ ಒಳಗಿನ ಸರ್ಕ್ಯೂಟಿನ ವಿಳಂಬವನ್ನು ಅದು ದೂರವೆಂದು ಲೆಕ್ಕ ಹಾಕಿರುತ್ತದೆ. ಸಬ್ ಲೆವೆಲ್ ಮೈನಸ್ 12ಕ್ಕೆ ಬಂದು ನಿಂತಿದ್ದರೆ ಎವಿಆರ್‌ಗೆ ಇನ್ನು ಇಳಿಸಲು ಜಾಗವಿಲ್ಲ ಅಂತ ಅರ್ಥ, ಸಬ್‌ನದೇ ವಾಲ್ಯೂಮ್ ತಗ್ಗಿಸಿ ಮತ್ತೆ ಅಳತೆ ಮಾಡಿಸಿ. ಈಕ್ವಲೈಸರ್ ಉಬ್ಬನ್ನು ತಗ್ಗಿಸಬಲ್ಲದು, ಕುಳಿಯನ್ನು ತುಂಬಲಾರದು. ಕುಳಿ ಇದ್ದರೆ ಸೋಫಾ ಅರ್ಧ ಅಡಿ ಸರಿಸುವುದೇ ದಾರಿ.

ಕೌಲ್‌ಬಜಾರ್ ಹುಡುಗ:

ಬಾಗಿಲು ಹೊರಕ್ಕೆ ತಿರುಗಿಸಲು ಬಡಗಿಗೆ ಹೇಳಿದೆ, ಒಂದೂವರೆ ಇಂಚಿನ ಪೈಪೂ ಬಂತು. ಒಂದೇ ಅನುಮಾನ ಉಳಿದಿದೆ. ಸೋಫಾ ಹಿಂದೆ 5 ಅಡಿ ಖಾಲಿ ಬಿಡಬೇಕಲ್ಲ, ನೆಂಟರು ಬಂದಾಗ ಅಲ್ಲಿ ದಿವಾನ ಹಾಕಬಹುದಾ?

ನಾದಲೋಲ ರಾಯಚೂರು:

ಹಾಕಬಹುದು. ಅಲ್ಲಿ ಕೂತವರಿಗೆ ಬಾಸ್ ಸ್ವಲ್ಪ ಜಾಸ್ತಿ, ಸರೌಂಡ್ ಎರಡೂ ಅವರಿಗೆ ಮುಂದಿನಿಂದ ಕೇಳುತ್ತವೆ, ಅಷ್ಟೇ. ಮುಂದಿನವರ ತಲೆ ಅಡ್ಡ ಬರದಿರಲು ದಿವಾನದ ಕೆಳಗೆ 8 ಇಂಚಿನ ಪ್ಲೈವುಡ್ ವೇದಿಕೆ ಮಾಡಿಸಿ, ಒಳಗೆ ಉಳಿದ ರಾಕ್‌ವೂಲ್ ತುಂಬಿ, ಇಲ್ಲದಿದ್ದರೆ ಅದು ಟೊಳ್ಳಾಗಿ ದಡದಡ ಅನ್ನುತ್ತದೆ. ಬಾಗಿಲ ಮುಂದೆ ಎರಡೂವರೆ ಅಡಿ ವೇದಿಕೆ ಇಲ್ಲದೆ ಬಿಡಿ, ಕತ್ತಲಲ್ಲಿ ಒಳಗೆ ಬರುವವರು ಮೆಟ್ಟಿಲು ಎಡವುತ್ತಾರೆ. ಹಿಂದಿನ ಸಬ್‌ಗೆ ಜಾಗ ಉಳಿಯುವ ಹಾಗೆ ದಿವಾನದ ಉದ್ದ 6 ಅಡಿಗೆ ನಿಲ್ಲಿಸಿ, ನಡುವಿನಲ್ಲಿ ಜಾಗ ಸಿಗದಿದ್ದರೆ ಸಬ್ಬನ್ನು ದಿವಾನದ ಎಡತುದಿಗೆ ಇಟ್ಟು ಮೈಕ್ ಅಳತೆ ಹೊಸದಾಗಿ ಮಾಡಿಸಿ.